ಗಾರ್ಸಿಯಾನ ಚೂರಿ, ಹೋಸೆಯ ಹೆಜ್ಜೆ

ಕಾರ್ಮೆನ್ ಎಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಜಾರ್ಜ್ ಬಿಜೆಯ ಅಪೆರಾ. ಹೂವು ಎಸೆಯುವ ಹುಡುಗಿ, ಅವಳಿಗಾಗಿ ಕೆಲಸ, ಮಾನ ಎರಡನ್ನೂ ಕಳೆದುಕೊಳ್ಳುವ ಸಿಪಾಯಿ, ಗೂಳಿಕಾಳಗದ ಗದ್ದಲ, ಕೊನೆಗೆ ಒಂದು ಚೂರಿ. ಆ ಅಪೆರಾ ರಂಗಕ್ಕೆ ಬಂದದ್ದು 1875ರ ಮಾರ್ಚ್‌ನಲ್ಲಿ. ಅದಕ್ಕೆ ಮೂಲವಾದ ಪ್ರಾಸ್ಪೆರ್ ಮೆರಿಮೆಯ ನೀಳ್ಗತೆ ಪ್ರಕಟವಾದದ್ದು 1845ರಲ್ಲಿ. ನಡುವಿನ ಮೂವತ್ತು ವರ್ಷಗಳಲ್ಲಿ ಕಥೆಯಿಂದ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ. ಅವನು ಗಾರ್ಸಿಯಾ, ಒಕ್ಕಣ್ಣ, ಕಾರ್ಮೆನ್‌ಳ ಗಂಡ. ಅಪೆರಾ ನೋಡಿದವರಿಗೆ ಅವಳಿಗೊಬ್ಬ ಗಂಡನಿದ್ದ ಎಂಬುದೇ ಗೊತ್ತಾಗುವುದಿಲ್ಲ.

ನೀಳ್ಗತೆಯಲ್ಲಿ ಗಾರ್ಸಿಯಾ ಸಾಯುವ ಪ್ರಸಂಗ ಒಂದು ಪುಟವನ್ನೂ ತುಂಬುವುದಿಲ್ಲ. ಕಳ್ಳಸಾಗಣೆಯವರು ಬೆಂಕಿಯ ಮುಂದೆ ಕುಳಿತು ಇಸ್ಪೀಟು ಆಡುತ್ತಿರುತ್ತಾರೆ. ಹೋಸೆ ಬೇಕೆಂದೇ ಜಗಳ ತೆಗೆದು ಎಲೆಗಳನ್ನು ಗಾರ್ಸಿಯಾನ ಮುಖಕ್ಕೆ ಎಸೆಯುತ್ತಾನೆ. ಗಾರ್ಸಿಯಾ ಬಂದೂಕಿಗೆ ಕೈ ಹಾಕಿದಾಗ ಹೋಸೆ ಅದರ ಮೇಲೆ ಕಾಲಿಟ್ಟು, ಚೂರಿಯಲ್ಲೇ ನೋಡಿಬಿಡೋಣ ಎಂದು ಸವಾಲು ಹಾಕುತ್ತಾನೆ. ಗಾರ್ಸಿಯಾ ಬೆಕ್ಕಿನ ಹಾಗೆ ಬಗ್ಗಿ, ಎಡಗೈಯಲ್ಲಿ ಟೊಪ್ಪಿ ಹಿಡಿದು ಆಂಡಲೂಸಿಯಾದವರ ವರಸೆಯಲ್ಲಿ ನಿಲ್ಲುತ್ತಾನೆ. ಹೋಸೆಯದು ನವಾರ್ರಾ ಸೀಮೆಯ ವರಸೆ: ನೆಟ್ಟಗೆ, ಎಡಗಾಲು ಮುಂದೆ, ಚೂರಿ ಬಲತೊಡೆಗೆ ಒತ್ತಿಕೊಂಡು. ಗಾರ್ಸಿಯಾ ಎರಗುತ್ತಾನೆ. ಹೋಸೆ ಎಡಗಾಲಿನ ಮೇಲೆ ಸುಮ್ಮನೆ ತಿರುಗುತ್ತಾನೆ. ಎದುರಾಳಿಗೆ ತಾನು ಇರಿಯಬೇಕಾದ ಜಾಗದಲ್ಲಿ ಯಾರೂ ಸಿಗುವುದಿಲ್ಲ. ಮರುಕ್ಷಣ ಹೋಸೆಯ ಚೂರಿ ಅವನ ಗಂಟಲಲ್ಲಿ.

ಈ ಪುಟವನ್ನು ವಿಮರ್ಶಕರು ಸಾಮಾನ್ಯವಾಗಿ ಸ್ಥಳೀಯ ಬಣ್ಣ ಎಂದು ದಾಟಿಬಿಡುತ್ತಾರೆ. ಹಾಗೆ ದಾಟಿದರೆ ಕಥೆಯ ಬೆನ್ನೆಲುಬೇ ಕೈತಪ್ಪುತ್ತದೆ ಎಂಬುದು ನನ್ನ ವಾದ. ಆ ವಾದಕ್ಕೆ ನಾನು ಬಂದದ್ದು ಗ್ರಂಥಾಲಯದ ದಾರಿಯಿಂದಲ್ಲ, ಕಾಲಿನ ದಾರಿಯಿಂದ.

ಫ್ರಾನ್ಸಿನ ದಕ್ಷಿಣದ ಒಂದು ಊರಿನಲ್ಲಿ ಓದುತ್ತಿದ್ದ ಎರಡು ವರ್ಷ ನಾನು ಸವಾತ್ ಕಲಿತೆ. ಸವಾತ್ ಫ್ರಾನ್ಸಿನ ಒದೆತದ ಬಾಕ್ಸಿಂಗ್. ಆ ಪದಕ್ಕೆ ಸವೆದುಹೋದ ಹಳೇ ಬೂಟು ಎಂದು ಅರ್ಥ. ಅದೇ ತರಗತಿಯ ನಾಲ್ಕೈದು ಮಂದಿ ಶನಿವಾರ ಮಧ್ಯಾಹ್ನ ಬೇರೆಯಾಗಿ ಸೇರಿ, ಸವಾತ್‌ನ ಕಾಲಿಗೆ ಸ್ಪೇನಿನ ನವಾಹಾ ಚೂರಿವರಸೆಯ ಕೈಯನ್ನು ಜೋಡಿಸಿ ಅಭ್ಯಾಸ ಮಾಡುತ್ತಿದ್ದರು. ನವಾಹಾ ಎಂದರೆ ಮಡಚುವ ಚೂರಿ. ಕೆಲವನ್ನು ಬಿಚ್ಚುವಾಗ ಹಲ್ಲುಗಳು ಒಂದೊಂದಾಗಿ ಸಿಕ್ಕಿ ಕರಕರ ಸದ್ದು ಬರುತ್ತದೆ. ನಮ್ಮ ಕೈಯಲ್ಲಿ ಇದ್ದದ್ದು ಮರದ ಚೂರಿ ಮಾತ್ರ. ಎರಡನ್ನು ಸೇರಿಸಿ ಕಲಿಸುವವರು ಈಗ ಯೂರೋಪಿನಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಇದು ಬೀದಿಯಿಂದ ಬೀದಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದುಬಂದ ಹಳೇ ವಿದ್ಯೆ ಎಂಬ ಮಾತು ಅಲ್ಲೆಲ್ಲ ಕೇಳಿಬರುತ್ತದೆ.

ನಮ್ಮ ಶನಿವಾರದ ಗುಂಪಿನಲ್ಲಿ ಗುರು ಇರಲಿಲ್ಲ, ಪುಸ್ತಕವಿತ್ತು. ಒಬ್ಬರು ಓದುತ್ತಿದ್ದರು, ಇಬ್ಬರು ಮಾಡಿ ನೋಡುತ್ತಿದ್ದರು, ಮತ್ತೊಬ್ಬರು ಚಿತ್ರ ನೋಡಿ ಕಾಲು ಹಾಗಲ್ಲ ಎನ್ನುತ್ತಿದ್ದರು. ಗರಡಿಮನೆಗಿಂತ ಅದು ಹಳಗನ್ನಡ ಪಠ್ಯ ಬಿಡಿಸುವ ತರಗತಿಗೆ ಹೆಚ್ಚು ಹತ್ತಿರವಾಗಿತ್ತು. ಕಾಲಿನ ಪಾಠವನ್ನು ಬದುಕಿರುವ ಮೇಷ್ಟ್ರು ತಿದ್ದುತ್ತಿದ್ದರು. ಕೈಯ ಪಾಠವನ್ನು 1849ರ ಒಂದು ಪಠ್ಯ ಹೇಳಿಕೊಡುತ್ತಿತ್ತು. ಹಾಗಾಗಿ ಈ ಮಿಶ್ರವಿದ್ಯೆಯನ್ನು ಪರಂಪರೆ ಎನ್ನುವ ಮೊದಲು ಆ ಪಠ್ಯವನ್ನು ಪಠ್ಯವೆಂದೇ ಓದಬೇಕು.

ಪುಸ್ತಕದ ಹೆಸರು ‘ಮನುಆಲ್ ದೆಲ್ ಬರಾತೆರೊ’, ಬರಾತೆರೊನ ಕೈಪಿಡಿ. ಮ್ಯಾಡ್ರಿಡ್‌ನಲ್ಲಿ ಅಚ್ಚಾಯಿತು. ಲೇಖಕ ತನ್ನ ಹೆಸರಿನ ಮೊದಲಕ್ಷರಗಳನ್ನಷ್ಟೇ ಕೊಟ್ಟಿದ್ದಾನೆ. ಬರಾತೆರೊ ಎಂದರೆ ಯಾರು ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಜನ ಜೂಜಿಗೆ ಕುಳಿತ ಕಡೆ ಬಂದು ನಿಂತು, ಗೆದ್ದವನಿಂದ ಮಾಮೂಲು ಎತ್ತುವವನು. ಕೊಡದಿದ್ದರೆ ಚೂರಿ. ಸೈನ್ಯದ ಬರಾತೆರೊ, ಜೈಲಿನ ಬರಾತೆರೊ, ಕಡಲತೀರದ ಬರಾತೆರೊ ಎಂದು ಪುಸ್ತಕ ಅವನನ್ನು ವಿಂಗಡಿಸಿ ವರ್ಣಿಸುತ್ತದೆ. ನವಾಹಾ, ಸಾದಾ ಚೂರಿ, ಜಿಪ್ಸಿಗಳ ಕತ್ತರಿ, ಮೂರಕ್ಕೂ ಪಾಠಗಳಿವೆ. ನಿಲುವುಗಳ ಚಿತ್ರಗಳಿವೆ. ಕಾಲಿನ ಮೇಲೆ ತಿರುಗಿ ತಪ್ಪಿಸಿಕೊಳ್ಳುವುದಕ್ಕೆ ಒಂದು ಅಧ್ಯಾಯ, ಎದುರಾಳಿ ಹಾಗೆ ತಿರುಗಿದಾಗ ಮರುತಿರುಗುವುದಕ್ಕೆ ಇನ್ನೊಂದು. ಟೊಪ್ಪಿಯನ್ನೋ ನಡುವಿನ ಬಟ್ಟೆಯನ್ನೋ ಎಡಗೈಯಲ್ಲಿ ಹೇಗೆ ಬಳಸಬೇಕು ಎಂಬುದೂ ಇದೆ.

ಈ ಪುಸ್ತಕದ ನಿಜವಾದ ಕಸುಬು ಹೆಸರಿಡುವುದು. ಪ್ರತಿ ಗಾಯಕ್ಕೂ ಒಂದು ಹೆಸರು. ಮುಖದ ಮೇಲೆ ಗೀರುವುದಕ್ಕೆ ಒಂದು, ಚೂರಿಯನ್ನು ಲೇಖನಿಯಂತೆ ಬಾಗಿಸಿ ಎಳೆಯುವುದಕ್ಕೆ ಒಂದು, ಎರಗಿಬಂದವನೇ ಮೊನೆಗೆ ಸಿಕ್ಕುವ ಹಾಗೆ ಕೈ ಚಾಚುವುದಕ್ಕೆ ಮತ್ತೊಂದು. ಕತ್ತಿವರಸೆಗೆ ಶಾಸ್ತ್ರವಿದೆ, ಬಡವರ ಆಯುಧಕ್ಕೆ ಯಾಕಿರಬಾರದು ಎಂಬ ಧಾಟಿಯಲ್ಲಿ ಲೇಖಕ ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 18ನೇ ಶತಮಾನದುದ್ದಕ್ಕೂ ಸ್ಪೇನಿನ ದೊರೆಗಳು ಇಂಥ ಚೂರಿಗಳನ್ನು ಮತ್ತೆಮತ್ತೆ ನಿಷೇಧಿಸಿದರು. ಶ್ರೀಮಂತನ ಸೊಂಟದ ಕತ್ತಿಗೆ ಮರ್ಯಾದೆ, ಗಾಡಿ ಹೊಡೆಯುವವನ ಚೂರಿಗೆ ಶಿಕ್ಷೆ. ಆ ತಾರತಮ್ಯವನ್ನು ಲೇಖಕ ಸರಿಯಾಗಿಯೇ ಹಿಡಿದಿದ್ದಾನೆ.

ಆದರೆ ಒಂದು ಅನುಮಾನ ಬಿಡುವುದಿಲ್ಲ. ಈ ಪುಸ್ತಕವನ್ನು ಕೊಂಡವರು ಯಾರು? ಬರಾತೆರೊಗೆ ಬರಾತೆರೊತನ ಕಲಿಯಲು ಕೈಪಿಡಿ ಬೇಕಿರಲಿಲ್ಲ. 1849ರ ಸ್ಪೇನಿನಲ್ಲಿ ಬಡವರ ಪೈಕಿ ಓದಲು ಬರುತ್ತಿದ್ದವರು ಕಡಿಮೆ. ಜನಸಾಮಾನ್ಯರ ಬಗೆಬಗೆಯ ಮಾದರಿಗಳನ್ನು ಚಿತ್ರಿಸುವ ಬರಹಗಳು ಸ್ಪೇನಿನಲ್ಲೂ ಫ್ರಾನ್ಸಿನಲ್ಲೂ ಬಹಳ ಓಡುತ್ತಿದ್ದ ಕಾಲ ಅದು. ಕೈಪಿಡಿಯ ವರ್ಣನೆಗಳ ಸೊಗಸು, ಅದರ ಅರೆತಮಾಷೆಯ ಧ್ವನಿ ಆ ಬಗೆಯ ಬರಹದ್ದೇ. ಇದು ಕುರ್ಚಿಯಲ್ಲಿ ಕುಳಿತು ಬೀದಿಯನ್ನು ನೋಡಬಯಸುವವರಿಗಾಗಿ ಬರೆದ ಪುಸ್ತಕ ಎಂದೇ ನಾನು ಓದುತ್ತೇನೆ. ತಮಾಷೆಯೆಂದರೆ, ಆ ಕುರ್ಚಿಯ ಓದುಗರ ಮರಿಮಕ್ಕಳಾದ ನಾವು ಈಗ ಎದ್ದು ನಿಂತು ಅದನ್ನು ಮೈಯಲ್ಲಿ ಮಾಡಿ ನೋಡುತ್ತಿದ್ದೇವೆ.

ಸ್ಪೇನಿನ ಕೈಗೂ ಫ್ರಾನ್ಸಿನ ಕಾಲಿಗೂ ಸಂಬಂಧವೇನು ಎಂದು ಕೇಳುವವರಿಗೆ ನನ್ನ ಉತ್ತರ: ಅವೆರಡೂ ಒಬ್ಬನೇ ಲೇಖಕನ ಮೇಜಿನ ಮೇಲೆ ಆಗಲೇ ಭೇಟಿಯಾಗಿದ್ದವು. ಕವಿ ಥಿಯೋಫಿಲ್ ಗೋತಿಯೆ 1840ರಲ್ಲಿ ಸ್ಪೇನ್ ಸುತ್ತಿಬಂದು ಪ್ರವಾಸಕಥನ ಬರೆದ. 1842ರಲ್ಲಿ, ಫ್ರೆಂಚ್ ಜನರ ಮಾದರಿಗಳನ್ನು ಚಿತ್ರಿಸುವ ಒಂದು ಹೆಸರಾಂತ ಸಂಕಲನಕ್ಕೆ, ಒದೆತದ ವಿದ್ಯೆ ಕಲಿಸುವ ಮೇಷ್ಟ್ರ ಬಗ್ಗೆಯೂ ಬರೆದ. ಪ್ರವಾಸಕಥನದಲ್ಲಿ ಅವನು ನವಾಹಾ ವಿದ್ಯೆಗೆ ಕತ್ತಿವರಸೆಯಂತೆಯೇ ನಿಯಮಗಳಿವೆ, ಪ್ಯಾರಿಸ್ಸಿನಲ್ಲಿ ಕತ್ತಿಯ ಗುರುಗಳು ಇರುವಷ್ಟೇ ಚೂರಿಯ ಗುರುಗಳು ಆಂಡಲೂಸಿಯಾದಲ್ಲಿದ್ದಾರೆ ಎನ್ನುತ್ತಾನೆ. ಅಲ್ಲಿಗೇ ನಿಲ್ಲದೆ, ಪಳಗಿದವರು ಗಾಯ ನೋಡಿಯೇ ಅದನ್ನು ಮಾಡಿದ ಕಲಾವಿದ ಯಾರೆಂದು ಹೇಳಬಲ್ಲರಂತೆ, ನಾವು ಕುಂಚದ ಎಳೆತ ನೋಡಿ ಚಿತ್ರಕಾರನನ್ನು ಗುರುತಿಸುವ ಹಾಗೆ ಎಂದೂ ಸೇರಿಸುತ್ತಾನೆ.

ಮೊದಲ ಓದಿಗೆ ಆ ಹೋಲಿಕೆ ಚೆನ್ನಾಗಿದೆ ಅನ್ನಿಸುತ್ತದೆ. ಎರಡನೇ ಓದಿಗೆ ಒಂದು ಪ್ರಶ್ನೆ ಏಳುತ್ತದೆ: ಗಾಯ ಚಿತ್ರವಾದರೆ, ಗಾಯವಾದವನು ಏನು? ಬಟ್ಟೆ. ಬರಿಯ ಕ್ಯಾನ್ವಾಸ್. ಗೋತಿಯೆಯ ವಾಕ್ಯದಲ್ಲಿ ಕಲಾವಿದನಿದ್ದಾನೆ, ರಸಿಕನಿದ್ದಾನೆ, ರಕ್ತ ಸುರಿಸುವವನಿಲ್ಲ. ಕೆಲವು ವರ್ಷಗಳ ನಂತರ ಬಂದ ಕೈಪಿಡಿಯಲ್ಲೂ ಅವನಿಲ್ಲ. ಗಾಯಗಳಿಗೆ ಹೆಸರಿದೆ, ಗಾಯಗೊಂಡವರಿಗೆ ಇಲ್ಲ. ಇರಿದ ಮೇಲೆ ಏನಾಯಿತು ಎಂಬ ಅಧ್ಯಾಯವನ್ನು ಯಾರೂ ಬರೆಯಲಿಲ್ಲ.

ಸವಾತ್‌ಗೂ ಇದೇ ಗತಿಯಾಗಬಹುದಿತ್ತು. ಅದೂ ಪ್ಯಾರಿಸ್ಸಿನ ಬಡ ಗಲ್ಲಿಗಳ ಒದೆತ. 1820ರ ದಶಕದಲ್ಲಿ ಮಿಶೆಲ್ ಕಾಸ್ಯೂ ಎಂಬಾತ ಅದನ್ನು ತರಗತಿಗೆ ತಂದು ಪಾಠದ ರೂಪ ಕೊಟ್ಟ. ಶಾರ್ಲ್ ಲೆಕೂರ್ ಎಂಬ ಇನ್ನೊಬ್ಬ, ಓವೆನ್ ಸ್ವಿಫ್ಟ್ ಎಂಬ ಇಂಗ್ಲಿಷ್ ಬಾಕ್ಸರ್‌ನ ಎದುರು ತನ್ನ ಕೈ ಸಾಲದೆಂದು ಕಂಡುಕೊಂಡು, ಇಂಗ್ಲಿಷ್ ಮುಷ್ಟಿಯನ್ನು ಫ್ರೆಂಚ್ ಕಾಲಿಗೆ ಸೇರಿಸಿದ. ಅಂದರೆ ನಾವು ಇಂದು ಶುದ್ಧ ಎಂದು ಕರೆಯುವ ಸವಾತ್ ಕೂಡ ಮಿಶ್ರಣವೇ. ಬೆರೆಸಿದ್ದು ತಪ್ಪು, ಬೆರಸದ್ದು ಪರಂಪರೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ಬದಲಾವಣೆ ಸಾಹಿತ್ಯದಲ್ಲಿ ಎಷ್ಟು ಬೇಗ ಕಾಣಿಸಿಕೊಂಡಿತು ಎಂಬುದಕ್ಕೆ ಯೂಜೀನ್ ಸ್ಯೂ ಬರೆದ ‘ಪ್ಯಾರಿಸ್ಸಿನ ರಹಸ್ಯಗಳು’ ಸಾಕ್ಷಿ. 1842ರಿಂದ 43ರವರೆಗೆ ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಆ ಕಾದಂಬರಿ ಶುರುವಾಗುವುದೇ ಒಂದು ಕತ್ತಲ ಗಲ್ಲಿಯ ಹೊಡೆದಾಟದಿಂದ. ಒಬ್ಬನ ಅಡ್ಡಹೆಸರಿಗೇ ಚೂರಿ ಹಾಕುವವನು ಎಂದು ಅರ್ಥ. ಅವನನ್ನು ಕಾಲುಕೊಟ್ಟು ಬೀಳಿಸಿ, ಮುಷ್ಟಿಯಿಂದ ಬಡಿದು ಮಣಿಸುವವನು ಕೂಲಿಯ ವೇಷದಲ್ಲಿರುವ ರಾಜಕುಮಾರ. ಸೋತವನು ಸಿಟ್ಟಾಗುವುದಿಲ್ಲ, ಆ ಕೊನೆಯ ಏಟುಗಳನ್ನು ಮೆಚ್ಚಿಕೊಂಡು ಗೆಳೆಯನಾಗುತ್ತಾನೆ. ಬೀದಿಯವನನ್ನು ಬೀದಿಯ ವಿದ್ಯೆಯಿಂದಲೇ ಸೋಲಿಸಿ, ಅವನಿಂದ ಶಭಾಷ್‌ಗಿರಿ ಪಡೆಯುವ ಧಣಿ! ಅನುಕೂಲಸ್ಥರ ಕನಸು ಇದಕ್ಕಿಂತ ಬಿಚ್ಚುಮನಸ್ಸಿನಿಂದ ಬರೆಯಿಸಿಕೊಂಡದ್ದು ಅಪರೂಪ. ಲೆಕೂರ್‌ನ ತರಗತಿಗೆ ಹಣ ಕೊಟ್ಟು ಬರುತ್ತಿದ್ದ ಮಹನೀಯರು ಕೊಳ್ಳುತ್ತಿದ್ದದ್ದು ಬಹುಶಃ ಇದೇ ಕನಸನ್ನು.

ಆದರೂ ಸವಾತ್ ಮುಂದೆ ಹಿಡಿದ ದಾರಿ ಬೇರೆ. ಅದು ನಿಯಮಗಳನ್ನು ಕಟ್ಟಿಕೊಂಡಿತು. ಬೂಟು ಹಾಕಿದ ಪಾದವೇ ತಾಗಬೇಕು, ಮೊಣಕಾಲು, ಕಣಕಾಲಿನ ಮೂಳೆ ಬಳಸುವಂತಿಲ್ಲ. ‘ಅಸ್ಸೋ’ ಎಂಬ ಬಗೆಯ ಪಂದ್ಯದಲ್ಲಿ ಏಟು ಮುಟ್ಟಿದರೆ ಸಾಕು, ಜೋರಾಗಿ ಬಿದ್ದರೆ ಅದೇ ತಪ್ಪು. ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗ್ಲೋವ್ಸ್‌ನ ಬಣ್ಣ, ನೀಲಿಯಿಂದ ಶುರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗುವ ಹೊತ್ತಿಗೆ ಗಲ್ಲಿಯ ಒದೆತ ಸಲಾಮು ಹೊಡೆದು ಆರಂಭಿಸುವ ಆಟವಾಗಿತ್ತು. ಬೀದಿಯ ಖದರು ಹೋಯಿತು ಎಂದು ಹಲುಬುವವರಿದ್ದಾರೆ. ನಾನು ಹಲುಬುವುದಿಲ್ಲ. ಆಟ ಮುಗಿದ ಮೇಲೆ ಇಬ್ಬರೂ ನಡೆದುಕೊಂಡು ಮನೆಗೆ ಹೋಗುವಂತೆ ಮಾಡಿದ ನಿಯಮ ಒಂದು ವಿದ್ಯೆ ಸಾಧಿಸಬಹುದಾದ ದೊಡ್ಡ ಸಾಧನೆ.

ಚೂರಿಗೆ ಆ ದಾರಿ ಇಲ್ಲ. ಮುಟ್ಟಿದರೆ ಸಾಕು ಎಂಬುದು ಚೂರಿಯ ವಿಷಯದಲ್ಲಿ ನಿಯಮವಲ್ಲ, ಆಯುಧದ ಸ್ವಭಾವ. ಇದನ್ನು ಪುಸ್ತಕ ನಮಗೆ ಹೇಳಲಿಲ್ಲ, ಸೀಮೆಸುಣ್ಣ ಹೇಳಿತು. ನಾವು ಕೆಲವೊಮ್ಮೆ ಹಳೇ ಬಿಳಿ ಅಂಗಿ ತೊಟ್ಟು, ಮರದ ಚೂರಿಯ ಅಂಚಿಗೆ ಕೆಂಪು ಸೀಮೆಸುಣ್ಣ ತಿಕ್ಕಿ ಎದುರುಬದುರು ನಿಲ್ಲುತ್ತಿದ್ದೆವು. ಎರಡು ನಿಮಿಷ. ನಿಲ್ಲಿಸಿ ನೋಡಿಕೊಂಡರೆ ಯಾವಾಗಲೂ ಇಬ್ಬರ ಅಂಗಿಯೂ ಕೆಂಪು. ಗೆದ್ದೆ ಅಂದುಕೊಂಡವನ ಮುಂಗೈಯಲ್ಲಿ ಮೂರು ಗೆರೆ, ಪಕ್ಕೆಯ ಮೇಲೆ ಒಂದು, ಕತ್ತಿನ ಹತ್ತಿರ ಯಾವಾಗ ಬಿತ್ತೋ ಗೊತ್ತೇ ಇಲ್ಲದ ಇನ್ನೊಂದು. ನಮ್ಮಲ್ಲಿ ಅತ್ಯಂತ ಚುರುಕಾಗಿದ್ದ ಹುಡುಗಿಯ ಅಂಗಿಯೂ ಒಮ್ಮೆಯೂ ಬೆಳ್ಳಗೆ ಉಳಿಯಲಿಲ್ಲ. ಕೈಪಿಡಿಯ ಚಿತ್ರಗಳಲ್ಲಿ ಒಬ್ಬ ಹೊಡೆಯುತ್ತಾನೆ, ಇನ್ನೊಬ್ಬ ಹೊಡೆಸಿಕೊಳ್ಳುತ್ತಾನೆ. ಅಂಗಿಯಲ್ಲಿ ಆ ವಿಂಗಡಣೆ ಇರಲಿಲ್ಲ.

ಇಂಥ ಅಭ್ಯಾಸದಿಂದ ಸಾಹಿತ್ಯದ ವಿದ್ಯಾರ್ಥಿಗೆ ಏನಾದರೂ ಪ್ರಯೋಜನ ಇದೆಯಾದರೆ ಅದು ಇದು: ಪಠ್ಯ ಏನನ್ನು ಬಿಟ್ಟಿದೆ ಎಂದು ಮೈ ತೋರಿಸಿಕೊಡುತ್ತದೆ. ಮತ್ತೆ, ಯಾರು ಬಿಟ್ಟಿಲ್ಲ ಎಂಬುದನ್ನೂ. ಮೆರಿಮೆ ಬಿಟ್ಟಿಲ್ಲ.

ಗಾರ್ಸಿಯಾನ ಸಾವಿಗೆ ಮರಳೋಣ. ಸವಾತ್‌ನಲ್ಲಿ ಮೊದಲ ತಿಂಗಳೆಲ್ಲ ಕಲಿಸುವುದು ನಿಂತ ಕಾಲಿನ ಮೇಲೆ ತಿರುಗುವುದನ್ನು. ಪಾದ ತಿರುಗದೆ ಒದ್ದರೆ ಮಂಡಿ ಕೆಡುತ್ತದೆ. ಆ ತಿರುಗು ಸರಾಗವಾಗಿ ಬರಲು ನನಗೆ ಅರ್ಧ ವರ್ಷ ಬೇಕಾಯಿತು. ಎದುರಿನವನು ಮೈಮೇಲೆ ಬರುವಾಗ ಹಿಂದೆ ಹೋಗದೆ, ಜಿಗಿಯದೆ, ಒಂದೇ ಕಾಲಿನ ಮೇಲೆ ತಿರುಗಿ ಜಾಗ ಖಾಲಿ ಮಾಡುವುದು ಸಿಟ್ಟಿನಲ್ಲಿರುವವನು ಮಾಡುವ ಕೆಲಸವಲ್ಲ. ಸಿಟ್ಟು ಮನುಷ್ಯನನ್ನು ಮುಂದಕ್ಕೆ ತಳ್ಳುತ್ತದೆ. ಮುಂದೆ ನುಗ್ಗಿದವನು ಗಾರ್ಸಿಯಾ, ತಿರುಗಿದವನು ಹೋಸೆ. ತನ್ನನ್ನು ಪ್ರೀತಿ ಹುಚ್ಚನನ್ನಾಗಿ ಮಾಡಿತು ಎಂದು ಕಥೆಯುದ್ದಕ್ಕೂ ಹೇಳಿಕೊಳ್ಳುವ ಈ ಮನುಷ್ಯನ ಕಾಲು ಬೇರೆಯೇ ಹೇಳುತ್ತಿದೆ: ಇವನು ಪಳಗಿದ ಕೈ, ಲೆಕ್ಕ ಹಾಕಿ ನಿಲ್ಲುವವನು. ಬಂದೂಕಿನ ಮೇಲೆ ಕಾಲಿಡುವಾಗಲೂ ಅದೇ ಲೆಕ್ಕ. ಇವನು ಊರು ಬಿಟ್ಟದ್ದೂ ಒಂದು ಬಡಿದಾಟದಿಂದ. ಸೇವಿಲ್ಲೆಯಲ್ಲಿ ತನ್ನ ಮೇಲಧಿಕಾರಿಯನ್ನು ಕೊಂದದ್ದೂ ಇವನೇ. ಹೋಸೆ ನಮಗೆ ಕಥೆ ಹೇಳುತ್ತಿರುವುದು ಮರಣದಂಡನೆ ಕಾಯುತ್ತಾ, ಒಬ್ಬ ಸಭ್ಯ ಫ್ರೆಂಚ್ ವಿದ್ವಾಂಸನ ಮುಂದೆ ಎಂಬುದನ್ನೂ ಮರೆಯಬಾರದು. ಕನಿಕರ ಗಿಟ್ಟಿಸಿಕೊಳ್ಳುವುದು ಅವನ ಕೊನೆಯ ವರಸೆ.

ಆ ವರಸೆಗೆ ಅಪೆರಾ ಪೂರ್ತಿ ಸೋತಿತು. ಮೂರನೇ ಅಂಕದಲ್ಲಿ ಹೋಸೆಗೂ ಗೂಳಿಕಾಳಗದವನಿಗೂ ಚೂರಿಕಾಳಗವಿದೆ, ಪೂರ್ಣಪಾಠದಲ್ಲಿ ನವಾರ್ರಾ ವರಸೆಯ ಹೆಸರೂ ಬರುತ್ತದೆ, ಆದರೆ ಯಾರೂ ಸಾಯುವುದಿಲ್ಲ. ಗಾರ್ಸಿಯಾ ಇಲ್ಲ, ಕೊಂದ ಮೇಲಧಿಕಾರಿ ಇಲ್ಲ. ಹಾಗಾಗಿ ಅಪೆರಾದ ಹೋಸೆ ಜೀವನದಲ್ಲಿ ಮೊದಲ ಸಲ ಕೊಲ್ಲುವುದು ಕಾರ್ಮೆನ್‌ಳನ್ನು. ಅವಳೇ ಅವನನ್ನು ಕೊಲೆಗಾರನನ್ನಾಗಿ ಮಾಡಿದಳು ಎಂಬ ಭಾವನೆ ಹುಟ್ಟುವುದಕ್ಕೆ ಇಷ್ಟು ಸಾಕು. ಸಂಗೀತ ಅದ್ಭುತವಾಗಿದೆ, ಅದೇ ತೊಂದರೆ. ನಾವು ಕಣ್ಣೊರೆಸಿಕೊಳ್ಳುವುದು ಸತ್ತವಳಿಗಾಗಿಯೋ ಕೊಂದವನಿಗಾಗಿಯೋ ಎಂದು ಒಮ್ಮೆ ಕೇಳಿಕೊಳ್ಳಬೇಕು. ಹೆಂಗಸನ್ನು ಕೊಂದ ಗಂಡಸಿನ ಬಗ್ಗೆ ಪ್ರೇಮದ ಆವೇಶ ಎಂದು ಬರೆಯುವ ಚಾಳಿ ರಂಗಮಂದಿರದಲ್ಲಿ ಮುಗಿದಿಲ್ಲ, ನಮ್ಮ ಬೆಳಗಿನ ಪತ್ರಿಕೆಯ ತಲೆಬರಹಗಳಲ್ಲೂ ಇದೆ.

ಮೆರಿಮೆ ಒಂದು ಸಣ್ಣ ವಿವರದಿಂದ ಇದಕ್ಕೆ ಆಸ್ಪದವೇ ಇಲ್ಲದಂತೆ ಮಾಡಿದ್ದಾನೆ. ಗಾರ್ಸಿಯಾನ ಗಂಟಲಲ್ಲಿ ಹೋಸೆ ಚೂರಿಯನ್ನು ಎಷ್ಟು ಜೋರಾಗಿ ತಿರುವಿದನೆಂದರೆ ಅದು ಮುರಿದುಹೋಯಿತು. ಹಾಗಾಗಿ ಸತ್ತವನ ಚೂರಿಯನ್ನು ಎತ್ತಿಕೊಂಡ. ಮುಂದೆ ಕಾರ್ಮೆನ್‌ಳನ್ನು ಇರಿದದ್ದು ಅದೇ ಚೂರಿಯಿಂದ, ಎರಡು ಸಲ. ಅವಳು ಕೂಗಲಿಲ್ಲ. ಅವಳಿಗೆ ಕಾಡಿನಲ್ಲಿ ಮಣ್ಣಾಗುವ ಆಸೆಯಿತ್ತೆಂದು ಗುಂಡಿ ತೋಡಿದ್ದೂ ಚೂರಿಯಿಂದಲೇ. ಗಂಡನ ಚೂರಿ, ಗಂಡನನ್ನು ಕೊಂದವನ ಕೈ. ಅವಳು ಯಾರ ಸ್ವತ್ತೂ ಆಗಲಾರೆ ಎಂದದ್ದಕ್ಕೆ, ಅವಳನ್ನು ಸ್ವತ್ತು ಅಂದುಕೊಂಡ ಇಬ್ಬರೂ ಸೇರಿ ಕೊಂದ ಹಾಗಿದೆ. ಈ ಒಂದು ಮಾತನ್ನು ಹೋಸೆ ಹೇಳುವುದು ಕೂಡ ಏನೋ ವ್ಯವಹಾರದ ವಿವರ ಕೊಡುವ ಧಾಟಿಯಲ್ಲಿ.

ಕೈಪಿಡಿಯಲ್ಲಿ ಗಾಯಗಳ ಹೆಸರಿದೆ. ಮೆರಿಮೆಯಲ್ಲಿ ಚೂರಿ ಯಾರದು, ಎಲ್ಲಿಂದ ಬಂತು, ಆಮೇಲೆ ಏನು ಮಾಡಿತು ಎಂಬ ಲೆಕ್ಕವಿದೆ. ಒಂದೇ ದಶಕದ ಎರಡು ಬರಹಗಳಲ್ಲಿ ನಾನು ಗುರುತಿಸುವ ವ್ಯತ್ಯಾಸ ಇಷ್ಟೇ. ಇದು ಸಣ್ಣದಲ್ಲ. ಹಿಂಸೆಯನ್ನು ವಿದ್ಯೆಯಾಗಿ ಮೆಚ್ಚುವ ಬರಹ ಚೂರಿಯನ್ನು ಕೈಯ ಕಡೆಯಿಂದ ನೋಡುತ್ತದೆ. ಸಾಹಿತ್ಯ ಅದನ್ನು ಎರಡೂ ತುದಿಯಿಂದ ನೋಡಬೇಕು.

ಹಾಗೆಂದು ಆ ಶನಿವಾರದ ಗೆಳೆಯರನ್ನು ನಾನು ಹಳಿಯಲಾರೆ. ಸತ್ತ ವಿದ್ಯೆಯೊಂದನ್ನು ಅಕ್ಷರದಿಂದ ಎಬ್ಬಿಸುವುದರಲ್ಲಿ ಒಂದು ನಿಜವಾದ ಸಂತೋಷವಿದೆ. ಹಳೇ ತಾಳೆಗರಿ ಬಿಡಿಸುವವರಿಗೆ ಅದು ಗೊತ್ತು. ನನ್ನ ತಕರಾರು ಅಭ್ಯಾಸದ ಬಗ್ಗೆ ಅಲ್ಲ, ಅದಕ್ಕೆ ತೊಡಿಸುವ ಮಾತಿನ ಬಗ್ಗೆ. ಬೀದಿಯ ಅಖಂಡ ಪರಂಪರೆ ಎನ್ನುವ ಬದಲು, 1840ರ ದಶಕದ ಕೆಲವು ಪುಟಗಳನ್ನು ಮೈಯಿಂದ ಓದುತ್ತಿದ್ದೇವೆ ಎಂದರೆ ಸಾಕು. ಓದು ಎಂದು ಒಪ್ಪಿಕೊಂಡ ಮೇಲೆ ಓದಿನ ಶಿಸ್ತೂ ಬರುತ್ತದೆ: ಬರೆದವರು ಯಾರು, ಯಾರಿಗಾಗಿ ಬರೆದರು, ಯಾರನ್ನು ಬಿಟ್ಟರು. ಕಾರ್ಮೆನ್ ಓದದವರು ಅಪೆರಾ ಕೇಳುವ ಮೊದಲು ನೀಳ್ಗತೆಯನ್ನು ಓದಲಿ. ನೂರು ಪುಟವೂ ಇಲ್ಲ. ಓದುವಾಗ ಹೋಸೆ ಏನು ಹೇಳುತ್ತಾನೆ ಎಂಬುದಕ್ಕಿಂತ ಅವನ ಕಾಲು ಎಲ್ಲಿದೆ ಎಂಬುದರ ಮೇಲೆ ಕಣ್ಣಿಡಿ.